ಚಿಕ್ಕ ಬೆಡ್‌ನ ಪಿಕಪ್‌ಗೆ ಯಾವ ಫಿಫ್ತ್‌ವೀಲ್ ಹಿಚ್?

ಪ್ರಶ್ನೆ: ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇವೆ. ನಮ್ಮದು ಫೋರ್ಡ್ ಎಫ್-250 ಡೀಸೆಲ್, ನಾಲ್ಕು ಬಾಗಿಲಿನ ಕ್ಯಾಬ್, ಆರೂಮುಕ್ಕಾಲು ಅಡಿಯ ಬೆಡ್ (ಹಿಂದೆ ಸಾಮಾನು ಹಾಕುವ ತೆರೆದ ಭಾಗ). ಬೆಡ್‌ನಲ್ಲಿ ಹಿಚ್ ಸಿಕ್ಕಿಸಲು ಕಂಪನಿಯೇ ಕೂರಿಸಿದ ಪಕ್ ಗುಂಡಿಗಳಿವೆ. ಹೆಚ್ಚು ಭಾರ ಎಳೆಯುವ ಪ್ಯಾಕೇಜ್ ಇರುವುದರಿಂದ ಜಿವಿಡಬ್ಲ್ಯುಆರ್, ಅಂದರೆ ತುಂಬಿದ ಗಾಡಿಯ ಒಟ್ಟು ತೂಕದ ಮಿತಿ, 10,800 ಪೌಂಡ್. ನಾವಿಬ್ಬರು, ಇಬ್ಬರು ಮಕ್ಕಳು ಕೂತು, ಟ್ಯಾಂಕ್ ತುಂಬಿಸಿ ತೂಗಿಸಿದರೆ 8,050 ಬಂತು. 11,500 ಪೌಂಡ್ ಜಿವಿಡಬ್ಲ್ಯುಆರ್‌ನ ಫಿಫ್ತ್‌ವೀಲ್ ಟ್ರೇಲರ್ ಒಂದನ್ನು, ಅಂದರೆ ಮೂತಿ ಬೆಡ್‌ನ ಮೇಲೆ ಚಾಚಿ ಅಲ್ಲಿನ ಹಿಚ್‌ಗೆ ಕೂಡುವಂಥದ್ದನ್ನು, ನೋಡಿದ್ದೇವೆ. ಬ್ರೋಷರ್ ಪ್ರಕಾರ ಪಿನ್ (ಮೂತಿಯಡಿಯಿಂದ ಹಿಚ್‌ಗೆ ಇಳಿಯುವ ಕಿಂಗ್‌ಪಿನ್) ಮೇಲಿನ ಭಾರ 1,700. ಮೂತಿ ದುಂಡಗಿದೆ, ಮಾಮೂಲಿ ಹಿಚ್ ಸಾಕು ಎನ್ನುತ್ತಾರೆ ಡೀಲರ್. ತಿರುವಿನಲ್ಲಿ ತಾನೇ ಹಿಂದಕ್ಕೆ ಜಾರುವ ಹಿಚ್, ಅಂದರೆ ಆಟೋಮ್ಯಾಟಿಕ್ ಸ್ಲೈಡರ್, ಇಲ್ಲದೆ ಚಿಕ್ಕ ಬೆಡ್‌ಗೆ ಕಟ್ಟಲೇಬೇಡಿ ಎನ್ನುತ್ತಾರೆ ಗೆಳೆಯರು. ಫಿಫ್ತ್‌ವೀಲ್ ಎಳೆಯುವುದು ನಮಗೆ ಇದೇ ಮೊದಲು. ವರ್ಷಕ್ಕೆ ನಾಲ್ಕೈದು ಪ್ರವಾಸ ನಮ್ಮದು, ಬರುವ ಬೇಸಿಗೆಗೆ ಮೈಸೂರಿನಿಂದ ಅಮ್ಮನೂ ಬರುತ್ತಾರೆ. ಯಾವುದು ತಗೊಳ್ಳಲಿ? ಅಳತೆಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಇಬ್ಬರ ಮಾತಿನಲ್ಲೂ ನಿಜವಿದೆ, ಆದರೆ ಇಬ್ಬರೂ ನಿಮ್ಮ ಗಾಡಿಯನ್ನು ಅಳೆದು ಹೇಳಿದ್ದಲ್ಲ. ಮೂತಿ ದುಂಡಗಿದ್ದರೆ ತಿರುವಿನಲ್ಲಿ ಅನುಕೂಲ ಹೌದು, ಅದು ಎಷ್ಟು ಡಿಗ್ರಿಯವರೆಗೆ ಎನ್ನುವುದು ಮುಖ್ಯ. ಆಟೋಮ್ಯಾಟಿಕ್ ಸ್ಲೈಡರ್ ಕ್ಯಾಬನ್ನು ಕಾಪಾಡುತ್ತದೆ, ಆದರೆ ಅದರ ತೂಕವನ್ನು ಹೊರಲು ನಿಮ್ಮ ಟ್ರಕ್ಕಿನಲ್ಲಿ ಅವಕಾಶ ಉಳಿದಿದೆಯೇ ಎಂದು ಮೊದಲು ನೋಡಬೇಕು. ನೀವು ತೂಗಿಸಿ, ಟೇಪು ಹಿಡಿದು ಅಳೆದು ಬರೆದಿರುವುದರಿಂದ ಈ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಕೊಡಬಹುದು.

ತೂಕದಿಂದ ಶುರುಮಾಡೋಣ. ಬ್ರೋಷರ್‌ನ 1,700 ಪೌಂಡನ್ನು ಮರೆತುಬಿಡಿ. ಅದು ಕಾರ್ಖಾನೆಯಿಂದ ಹೊರಬಿದ್ದ ಖಾಲಿ ಟ್ರೇಲರಿನ ಲೆಕ್ಕ. ಫಿಫ್ತ್‌ವೀಲ್‌ನಲ್ಲಿ ಗ್ಯಾಸ್ ಸಿಲಿಂಡರ್, ಬ್ಯಾಟರಿ, ಮುಂದಿನ ದೊಡ್ಡ ಸಾಮಾನು ಗೂಡು, ಮೇಲಿನ ಮಲಗುವ ಕೋಣೆಯ ಬಟ್ಟೆ ಕಪಾಟು ಎಲ್ಲವೂ ಚಕ್ರಗಳಿಗಿಂತ ಮುಂದೆ ಇರುತ್ತವೆ. ನೀವು ತುಂಬಿಸುವ ಸಾಮಾನಿನ ದೊಡ್ಡ ಪಾಲು ನೇರವಾಗಿ ಕಿಂಗ್‌ಪಿನ್ ಮೇಲೆ ಬಂದು ಕೂರುತ್ತದೆ. ತುಂಬಿದ ಫಿಫ್ತ್‌ವೀಲ್‌ನ ಪಿನ್ ಭಾರ ಸಾಮಾನ್ಯವಾಗಿ ಒಟ್ಟು ತೂಕದ 20ರಿಂದ 22 ಶೇಕಡಾ ಇರುತ್ತದೆ, ಕೆಲವು ವಿನ್ಯಾಸಗಳಲ್ಲಿ 25ಕ್ಕೂ ಹೋಗುತ್ತದೆ. ನಿಮ್ಮ ಟ್ರೇಲರ್ 11,000 ಪೌಂಡ್‌ಗೆ ತುಂಬಿದರೆ 22 ಶೇಕಡಾ ಎಂದರೆ 2,420 ಪೌಂಡ್.

ಟ್ರಕ್ಕಿನ 10,800ರಲ್ಲಿ 8,050 ಕಳೆದರೆ 2,750. ಅದರಲ್ಲಿ ಪಿನ್ ಭಾರ 2,420 ಕಳೆದರೆ ಉಳಿಯುವುದು 330. ಅಮ್ಮ ಬಂದಾಗ ಅವರು ಮತ್ತು ಅವರ ಚೀಲ ಸೇರಿ 150 ಎಂದಿಟ್ಟುಕೊಳ್ಳಿ, ಆಗ 180. ಹಿಚ್‌ನ ತೂಕ ಇಷ್ಟರೊಳಗೇ ಬರಬೇಕು, ಏಕೆಂದರೆ ಹಿಚ್ ಕೂಡ ಟ್ರಕ್ ಹೊರುವ ಸಾಮಾನೇ. ಜಾರದ ಮಾಮೂಲಿ ಹಿಚ್ ಸುಮಾರು 100ರಿಂದ 150 ಪೌಂಡ್ ತೂಗುತ್ತದೆ. ಕೈಯಿಂದ ಜಾರಿಸುವ ಸ್ಲೈಡರ್ 200ರಿಂದ 300. ಆಟೋಮ್ಯಾಟಿಕ್ ಸ್ಲೈಡರ್‌ಗಳು ಹೆಚ್ಚಾಗಿ 300ರ ಆಸುಪಾಸಿನಲ್ಲಿ ಇರುತ್ತವೆ. ಅಲ್ಯೂಮಿನಿಯಂ ಚೌಕಟ್ಟಿನ ಆಂಡರ್ಸನ್ ಹಿಚ್ ಮಾತ್ರ ಸುಮಾರು 40 ಪೌಂಡ್. ಅಂದರೆ ನಿಮ್ಮ ವಿಷಯದಲ್ಲಿ ಹಿಚ್‌ನ ತೂಕ ಸಣ್ಣ ವಿವರ ಅಲ್ಲ. ಅದೇ ಆಯ್ಕೆಯನ್ನು ಕಿರಿದು ಮಾಡುತ್ತದೆ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಟ್ರಕ್ ಎಳೆಯಬಲ್ಲ ತೂಕವನ್ನು ನೋಡಿ ಸಮಾಧಾನಪಡುತ್ತಾರೆ. ಡೀಸೆಲ್ ಎಂಜಿನ್‌ಗೆ 11,500 ಪೌಂಡ್ ಎಳೆಯುವುದು ಏನೂ ಅಲ್ಲ. ಆದರೆ ಅದೇ ಭಾರೀ ಎಂಜಿನ್ ಟ್ರಕ್ಕಿನ ಸ್ವಂತ ತೂಕ ಹೆಚ್ಚಿಸಿ ಹೊರುವ ಸಾಮರ್ಥ್ಯವನ್ನು ತಿಂದಿರುತ್ತದೆ. ಫಿಫ್ತ್‌ವೀಲ್‌ನಲ್ಲಿ ಮೊದಲು ಮುಗಿಯುವುದು ಹೊರುವ ಶಕ್ತಿ, ಎಳೆಯುವ ಶಕ್ತಿ ಅಲ್ಲ. ಬಾಗಿಲ ಚೌಕಟ್ಟಿನ ಲೇಬಲ್ಲಿನಲ್ಲಿ ಹಿಂಬದಿ ಆಕ್ಸಲ್‌ನ ಮಿತಿಯೂ ಬೇರೆಯಾಗಿ ಬರೆದಿರುತ್ತದೆ, ಟೈರಿನ ಮೇಲೆ ಟೈರಿನ ಮಿತಿ ಇರುತ್ತದೆ. ಪಿನ್ ಭಾರ ಬಹುತೇಕ ಪೂರ್ತಿ ಹಿಂದಿನ ಆಕ್ಸಲ್ ಮೇಲೆ ಕೂರುವುದರಿಂದ ಆ ಎರಡು ಅಂಕಿಗಳನ್ನೂ ನೋಡಿಕೊಳ್ಳಿ.

ಟ್ರೇಲರ್ ಕೊಂಡ ಮೇಲೆ ನಿಜವಾದ ಪಿನ್ ಭಾರ ತಿಳಿಯುವ ದಾರಿ ಸುಲಭ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್‌ಗೆ ಹೋಗಿ, ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಚಕ್ರಗಳು ಮೂರೂ ಬೇರೆ ಬೇರೆ ಹಾಸಿನ ಮೇಲೆ ಬರುವ ಹಾಗೆ ನಿಲ್ಲಿಸಿ ತೂಗಿಸಿ. ಆಮೇಲೆ ಟ್ರೇಲರ್ ಕಳಚಿ ಟ್ರಕ್ಕನ್ನು ಮಾತ್ರ ತೂಗಿಸಿ. ಮೊದಲ ಸಲ ಟ್ರಕ್ಕಿನ ಎರಡು ಆಕ್ಸಲ್‌ಗಳ ಮೊತ್ತಕ್ಕೂ ಎರಡನೇ ಸಲದ ಮೊತ್ತಕ್ಕೂ ಇರುವ ವ್ಯತ್ಯಾಸವೇ ಪಿನ್ ಭಾರ. ಎರಡು ಸಲವೂ ಅದೇ ಜನ ಒಳಗೆ ಕೂತಿರಬೇಕು, ಅಷ್ಟೇ.

ಈಗ ತಿರುವು. ಮಂಗಳೂರು ಬಂದರಿನಿಂದ ಕಂಟೇನರ್ ಹೊತ್ತು ಶಿರಾಡಿ ಘಾಟಿ ಹತ್ತುವ ಲಾರಿಗಳಲ್ಲಿ ಇರುವುದೂ ಇದೇ ಎರಡಿಂಚು ದಪ್ಪದ ಕಿಂಗ್‌ಪಿನ್ ಜೋಡಣೆ. ಅಲ್ಲಿ ತೊಂದರೆ ಬರುವುದಿಲ್ಲ, ಏಕೆಂದರೆ ಟ್ರೇಲರಿನ ಮೂಲೆ ಸುತ್ತಿಬರಲು ಬೇಕಾದಷ್ಟು ಜಾಗವನ್ನು ಕ್ಯಾಬಿನ ಹಿಂದೆ ಬಿಟ್ಟೇ ಎಂಜಿನ್ ಲಾರಿಯನ್ನು ಕಟ್ಟಿರುತ್ತಾರೆ. ಪಿಕಪ್‌ನಲ್ಲಿ ಹಿಂದಿನ ಆಕ್ಸಲ್ ಎಲ್ಲಿದೆಯೋ ಹಿಚ್ ಅಲ್ಲೇ ಇರಬೇಕು, ಇಲ್ಲವೇ ಒಂದೆರಡು ಇಂಚು ಮುಂದೆ. ಆಕ್ಸಲ್‌ಗಿಂತ ಹಿಂದೆ ಕೂರಿಸಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಗುರಾಗುತ್ತದೆ, ವೇಗದಲ್ಲಿ ಅದು ಅಪಾಯ. ಎಂಟು ಅಡಿಯ ಬೆಡ್‌ನಲ್ಲಿ ಆಕ್ಸಲ್‌ನಿಂದ ಕ್ಯಾಬಿಗೆ ಸುಮಾರು 56 ಇಂಚು ಇರುತ್ತದೆ. ನಿಮ್ಮಂಥ ಬೆಡ್‌ನಲ್ಲಿ ಸುಮಾರು 40. ಟ್ರೇಲರಿನ ಅಗಲ 96 ಇಲ್ಲವೇ 102 ಇಂಚು, ಅಂದರೆ ಪಿನ್‌ನಿಂದ ಒಂದು ಬದಿಗೆ 48 ಇಲ್ಲವೇ 51. ಪೂರ್ತಿ 90 ಡಿಗ್ರಿ ತಿರುಗಿದಾಗ ಟ್ರೇಲರಿನ ಬದಿ ಕ್ಯಾಬಿನ ಕಡೆ ಬರುತ್ತದೆ. 48 ಇಂಚು 40 ಇಂಚಿನಲ್ಲಿ ಹಿಡಿಸುವುದಿಲ್ಲ. ಒಡೆಯುವುದು ಮೊದಲು ಹಿಂದಿನ ಗಾಜು, ಇಲ್ಲವೇ ಕ್ಯಾಬಿನ ಮೇಲಿನ ಮೂಲೆ.

ಆದರೆ 90 ಡಿಗ್ರಿಯನ್ನು ಮಾತ್ರ ನೋಡಿದರೆ ಸಾಲದು. ಟ್ರೇಲರಿನ ಮುಂಭಾಗದಲ್ಲಿ ಎರಡು ಬಿಂದುಗಳನ್ನು ಗುರುತಿಸಬೇಕು. ಒಂದು, ಮೂತಿ ಬಾಗಲು ಶುರುವಾಗುವ ಮುಂದಿನ ಭುಜ. ಇನ್ನೊಂದು, ಟ್ರೇಲರ್ ತನ್ನ ಪೂರ್ತಿ ಅಗಲಕ್ಕೆ ಬರುವ ಜಾಗ. ಎರಡಕ್ಕೂ ಎರಡು ಅಳತೆ ಬೇಕು: ಪಿನ್‌ನ ನಡುವಿನಿಂದ ಆ ಬಿಂದು ಎಷ್ಟು ಮುಂದಿದೆ ಇಲ್ಲವೇ ಹಿಂದಿದೆ, ಮತ್ತು ಎಷ್ಟು ಬದಿಗಿದೆ. ಕಿಂಗ್‌ಪಿನ್ ಹೊತ್ತ ಪಿನ್ ಬಾಕ್ಸ್‌ನ ಕೆಳಗೆ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಚಾಕ್‌ನಲ್ಲಿ ಗುರುತು ಹಾಕಿ, ಭುಜದಿಂದಲೂ ಹಾಗೇ ಇಳಿಬಿಟ್ಟು ನೆಲದ ಮೇಲೆ ಅಳೆದರೆ ತಪ್ಪುವುದಿಲ್ಲ. ಕ್ಯಾಬಿನ ಮಾಡಿಗಿಂತ ಮೇಲೆ ಇರುವ ಉಬ್ಬನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಕ್ಯಾಬಿನ ಮೇಲೆ ಹಾದುಹೋಗುತ್ತದೆ. ಬೆಡ್‌ನ ಅಂಚಿನಿಂದ ಕ್ಯಾಬಿನ ಮಾಡಿನವರೆಗಿನ ಎತ್ತರದಲ್ಲಿ ಬರುವ ಭಾಗ ಮಾತ್ರ ಮುಖ್ಯ.

ನಿಮ್ಮ ಅಳತೆ ಹೀಗಿದೆ: ಹಿಚ್‌ನ ನಡುವಿನಿಂದ ಕ್ಯಾಬಿಗೆ 42 ಇಂಚು. ಮುಂದಿನ ಭುಜ ಪಿನ್‌ಗಿಂತ 10 ಇಂಚು ಮುಂದೆ, 36 ಇಂಚು ಬದಿಗೆ. ಪೂರ್ತಿ ಅಗಲದ ಜಾಗ ಪಿನ್‌ಗಿಂತ 14 ಇಂಚು ಹಿಂದೆ, 48 ಇಂಚು ಬದಿಗೆ. ಯಾವುದೇ ಕೋನದಲ್ಲಿ ಒಂದು ಬಿಂದು ಕ್ಯಾಬಿನ ಕಡೆಗೆ ಎಷ್ಟು ಚಾಚುತ್ತದೆ ಎಂದು ತಿಳಿಯಲು ಶಾಲೆಯ ತ್ರಿಕೋನಮಿತಿ ಸಾಕು. ಮುಂದಿನ ಅಳತೆಯನ್ನು ಕೋನದ ಕೊಸೈನ್‌ನಿಂದ, ಬದಿಯ ಅಳತೆಯನ್ನು ಸೈನ್‌ನಿಂದ ಗುಣಿಸಿ ಎರಡನ್ನೂ ಕೂಡಿಸಿ. ಬಿಂದು ಪಿನ್‌ಗಿಂತ ಹಿಂದೆ ಇದ್ದರೆ ಮೊದಲಿನದನ್ನು ಕಳೆಯಿರಿ.

60 ಡಿಗ್ರಿಯಲ್ಲಿ ಮುಂದಿನ ಭುಜ 36 ಇಂಚು ಚಾಚುತ್ತದೆ, ಪೂರ್ತಿ ಅಗಲದ ಜಾಗ ಸುಮಾರು 35. ನಿಮ್ಮ 42 ಇಂಚಿನಲ್ಲಿ ಆರಾಮವಾಗಿ ಹಿಡಿಸುತ್ತದೆ. 70ರಲ್ಲಿ ಪೂರ್ತಿ ಅಗಲದ ಜಾಗ 40 ಇಂಚಿಗೆ ಬಂತು, ಎರಡಿಂಚೂ ಉಳಿಯಲಿಲ್ಲ. 75ರಲ್ಲಿ 42.7, ಅಂದರೆ ಗಾಜಿಗೆ ತಗಲಿತು. 90ರಲ್ಲಿ 48. ಆದ್ದರಿಂದ ನಿಮ್ಮ ಗಾಡಿಯಲ್ಲಿ ತಗಲುವುದು ಮೂತಿಯ ತುದಿ ಅಲ್ಲ, ಅದರ ಹಿಂದಿನ ಬದಿಗೋಡೆ. ಕನ್ನಡಿಯಲ್ಲಿ ಮೂತಿಯ ತುದಿಯನ್ನೇ ನೋಡುತ್ತಾ ಹಿಂದಕ್ಕೆ ತಿರುಗಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ, ಸದ್ದಾದ ಮೇಲೆ ಗೊತ್ತಾಗುತ್ತದೆ.

ಹೋಲಿಕೆಗೆ, ಮೂತಿ ಚೌಕವಾಗಿರುವ ಹಳೆಯ ಟ್ರೇಲರ್ ಆಗಿದ್ದು ಅದರ ಮೂಲೆ ಪಿನ್‌ಗಿಂತ 10 ಇಂಚು ಮುಂದೆ, 48 ಇಂಚು ಬದಿಗೆ ಇದ್ದಿದ್ದರೆ ಇದೇ 42 ಇಂಚಿನಲ್ಲಿ 47 ಡಿಗ್ರಿಗೇ ತಗಲುತ್ತಿತ್ತು. ಅಂಥ ಟ್ರೇಲರ್‌ಗೆ ಜಾರುವ ಹಿಚ್ ಇಲ್ಲದೆ ಚಿಕ್ಕ ಬೆಡ್ ಆಗುವುದೇ ಇಲ್ಲ. ಹಾಗಾಗಿ ನಿಮ್ಮ ಗೆಳೆಯರ ಮಾತು ಹಳೆಯ ಟ್ರೇಲರ್‌ಗಳಿಗೆ ಪೂರ್ತಿ ಸರಿ.

ಉಳಿಯುವ ಅಂತರ ಕನಿಷ್ಠ ನಾಲ್ಕು ಇಂಚು ಇರಬೇಕು. ಸಮತಟ್ಟು ನೆಲದಲ್ಲಿ ಅಳೆದದ್ದು ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಲ್ಲುವುದಿಲ್ಲ. ಟ್ರಕ್ಕಿನ ಮುಂದಿನ ಚಕ್ರ ದಿಬ್ಬ ಹತ್ತಿದಾಗ ಕ್ಯಾಬಿನ ಮಾಡು ಹಿಂದಕ್ಕೆ ವಾಲುತ್ತದೆ. ಮಾಡು ಹಿಚ್‌ನ ಮಟ್ಟಕ್ಕಿಂತ 30 ಇಂಚು ಮೇಲಿದ್ದು ಟ್ರಕ್ 5 ಡಿಗ್ರಿ ವಾಲಿದರೆ ಎರಡೂವರೆ ಇಂಚು ಅಲ್ಲೇ ಹೋಯಿತು. ನಾಲ್ಕು ಇಂಚು ಬಿಟ್ಟು ಲೆಕ್ಕ ಹಾಕಿದರೆ ಜಾರದ ಹಿಚ್‌ನಲ್ಲಿ ನಿಮ್ಮ ಮಿತಿ 65 ಡಿಗ್ರಿ.

65 ಡಿಗ್ರಿ ಸಾಕೇ? ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಮುಂದಕ್ಕೆ ಹೋಗುವ ಎಲ್ಲ ತಿರುವುಗಳಲ್ಲಿ ಸಾಕು. ಕಷ್ಟ ಬರುವುದು ಹಿಂದಕ್ಕೆ ಹೋಗುವಾಗ. ಕಿರಿದಾದ ದಾರಿಯಿಂದ ಮರಗಳ ನಡುವಿನ ಸೈಟಿಗೆ ಹಿಂದಕ್ಕೆ ಸೇರಿಸುವಾಗ, ಕೈ ಪಳಗದವರಿಗೆ ಕೋನ ಕ್ಷಣದಲ್ಲಿ 50ರಿಂದ 75ಕ್ಕೆ ಮಡಚಿಕೊಳ್ಳುತ್ತದೆ. ನೀವು ಮೊದಲ ಸಲ ಫಿಫ್ತ್‌ವೀಲ್ ಎಳೆಯುವವರು. ಅದಕ್ಕೇ ನಿಮಗೆ ಜಾರದ ಹಿಚ್ ಬೇಡ ಎನ್ನುತ್ತೇನೆ. ಹತ್ತು ವರ್ಷ ಎಳೆದವರು ಇದೇ ಅಳತೆಗಳನ್ನು ಕೊಟ್ಟಿದ್ದರೆ ಮಾಮೂಲಿ ಹಿಚ್ ಸಾಕು ಎಂದೇ ಹೇಳುತ್ತಿದ್ದೆ.

ಜಾಗ ಹೆಚ್ಚಿಸುವ ದಾರಿಗಳು ಏನೇನಿವೆ, ನಿಮಗೆ ಯಾವುದು ಒಪ್ಪುತ್ತದೆ ನೋಡೋಣ.

ಕೈಯಿಂದ ಜಾರಿಸುವ ಸ್ಲೈಡರ್ ಹಿಚ್‌ನ ತಲೆಯನ್ನು ಹಳಿಯ ಮೇಲೆ ಸುಮಾರು 12 ಇಂಚು ಹಿಂದಕ್ಕೆ ತರುತ್ತದೆ. ಬಿ ಅಂಡ್ ಡಬ್ಲ್ಯು, ಕರ್ಟ್, ರೀಸ್ ಮೂವರೂ ಮಾಡುತ್ತಾರೆ. ನಿಮ್ಮ 42 ಇಂಚು 54 ಆಗುತ್ತದೆ. 90 ಡಿಗ್ರಿಯಲ್ಲಿ ಟ್ರೇಲರ್ 48ಕ್ಕೆ ಬಂದರೂ 6 ಇಂಚು ಉಳಿಯುತ್ತದೆ. 90 ದಾಟಿ ಇನ್ನೂ ಮಡಚಿದರೂ ಅತಿ ಹೆಚ್ಚು ಚಾಚುವುದು 50, ಆಗಲೂ 4 ಇಂಚು ಇದೆ. ಅಂದರೆ ಹಿಂದಕ್ಕೆ ಸರಿಸಿಕೊಂಡ ಮೇಲೆ ಟ್ರೇಲರ್ ಕ್ಯಾಬನ್ನು ಮುಟ್ಟುವ ಭಯ ಬಹುತೇಕ ಮುಗಿಯಿತು. ಕೊರತೆ ಎಂದರೆ ಅದನ್ನು ನೀವೇ ನೆನಪಿಟ್ಟು ಸರಿಸಬೇಕು. ಒಡೆದ ಗಾಜುಗಳಲ್ಲಿ ಹಿಚ್ ಕೆಟ್ಟದ್ದು ಅಪರೂಪ, ಸರಿಸಲು ಮರೆತದ್ದೇ ಹೆಚ್ಚು.

ಸರಿಸುವ ಕ್ರಮ ಇಷ್ಟು. ಟ್ರಕ್ಕೂ ಟ್ರೇಲರೂ ನೇರ ಸಾಲಿನಲ್ಲಿರುವಾಗಲೇ, ಸೈಟಿಗೆ ತಿರುಗುವ ಮುಂಚೆ ನಿಲ್ಲಿಸಿ. ಟ್ರೇಲರ್ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ಇಳಿದು ಸ್ಲೈಡರಿನ ಹಿಡಿಕೆ ಎಳೆದು ಬೀಗದ ಪಿನ್ ಬಿಡಿಸಿ. ಒಬ್ಬರು ಟ್ರಕ್ಕಿನೊಳಗಿನ ಬ್ರೇಕ್ ಕಂಟ್ರೋಲರಿನ ಕೈಗುಂಡಿ ಒತ್ತಿ ಟ್ರೇಲರ್ ಬ್ರೇಕನ್ನು ಹಿಡಿದಿಟ್ಟು, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಬಿಡಲಿ. ಟ್ರೇಲರ್ ನಿಂತಲ್ಲೇ ನಿಲ್ಲುತ್ತದೆ, ಟ್ರಕ್ ಮುಂದೆ ಹೋಗುತ್ತದೆ, ಹಿಚ್‌ನ ತಲೆ ಹಳಿಯ ಹಿಂದಿನ ತುದಿಗೆ ಬಂದು ಟಕ್ ಎಂದು ಬೀಗ ಬೀಳುತ್ತದೆ. ಆ ಸದ್ದನ್ನು ನಂಬಬೇಡಿ. ಇಳಿದು ಎರಡೂ ಬದಿಯ ಬೀಗದ ಪಿನ್ ಪೂರ್ತಿ ಹೊರಬಂದಿದೆಯೇ ಎಂದು ಕಣ್ಣಿನಿಂದ ನೋಡಿ. ಒಂದು ಬದಿ ಬಿದ್ದು ಇನ್ನೊಂದು ಬದಿ ಅರ್ಧಕ್ಕೆ ನಿಲ್ಲುವುದುಂಟು. ಮತ್ತೆ ರಸ್ತೆಗೆ ಇಳಿಯುವ ಮುಂಚೆ ಇದೇ ಕೆಲಸ ಉಲ್ಟಾ: ಟ್ರೇಲರ್ ಬ್ರೇಕ್ ಹಿಡಿದು ಟ್ರಕ್ಕನ್ನು ಹಿಂದಕ್ಕೆ. ತಲೆ ಹಿಂದಿರುವಾಗ ಹೆದ್ದಾರಿಯಲ್ಲಿ ಓಡಿಸಲೇಬಾರದು, ಪಿನ್ ಭಾರ ಆಕ್ಸಲ್ ದಾಟಿ ಹಿಂದೆ ಇರುತ್ತದೆ.

ಹಿಡಿಕೆ ಕೆಲವೊಮ್ಮೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಹಿಚ್ ಮೇಲೆ ಟ್ರೇಲರ್ ನೂಕುತ್ತಿದ್ದರೆ ಇಲ್ಲವೇ ಎಳೆಯುತ್ತಿದ್ದರೆ ಬೀಗದ ಪಿನ್ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಸುತ್ತಿಗೆ ತಗೊಳ್ಳಬೇಡಿ. ಟ್ರಕ್ಕನ್ನು ಒಂದಿಂಚು ಹಿಂದೆ, ಒಂದಿಂಚು ಮುಂದೆ ಆಡಿಸಿ ಒತ್ತಡ ಬಿಡಿಸಿ, ಬರುತ್ತದೆ. ಹಳಿಗಳ ಮೇಲೆ ಮಣ್ಣು ಕೂತರೆ ಜಾರುವುದು ಬಿಗಿಯಾಗುತ್ತದೆ. ಋತುವಿನ ಶುರುವಿನಲ್ಲಿ ಒರೆಸಿ, ತಯಾರಕರು ಹೇಳಿದ ಎಣ್ಣೆಯನ್ನೇ ಹಚ್ಚಿ. ಎಲ್ಲ ಹಳಿಗೂ ಗ್ರೀಸ್ ಒಪ್ಪುವುದಿಲ್ಲ, ಕೆಲವದರಲ್ಲಿ ಧೂಳು ಹಿಡಿದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ.

ಆಟೋಮ್ಯಾಟಿಕ್ ಸ್ಲೈಡರ್‌ನಲ್ಲಿ ಹೆಸರಾಂತದ್ದು ಪುಲ್‌ರೈಟ್ ಕಂಪನಿಯ ಸೂಪರ್‌ಗ್ಲೈಡ್. ಡೆಮ್‌ಕೋದವರದೂ ಒಂದಿದೆ. ತಿರುವು ಶುರುವಾದಂತೆ ತಲೆ ತಾನೇ ಹಿಂದಕ್ಕೆ ಸರಿಯುತ್ತದೆ, ನೇರವಾದಾಗ ತಾನೇ ಮುಂದೆ ಬರುತ್ತದೆ. ಮರೆವಿಗೆ ಅವಕಾಶವೇ ಇಲ್ಲ, ಅದು ದೊಡ್ಡ ಗುಣ. ಆದರೆ ಇದು ಕೆಲಸ ಮಾಡಲು ಪಿನ್ ಬಾಕ್ಸ್ ಹಿಚ್‌ನ ತಲೆಯ ಮೇಲೆ ತಿರುಗಬಾರದು. ಅದನ್ನು ಹಿಡಿದಿಡುವ ಕ್ಯಾಪ್ಚರ್ ಪ್ಲೇಟ್ ಎಂಬ ತಗಡನ್ನು ಟ್ರೇಲರಿನ ಪಿನ್ ಬಾಕ್ಸ್‌ಗೆ ಬೋಲ್ಟ್ ಮಾಡಬೇಕು, ಮತ್ತು ಆ ಪ್ಲೇಟ್ ನಿಮ್ಮ ಪಿನ್ ಬಾಕ್ಸ್‌ನ ಮಾದರಿಗೆ ಸರಿಹೊಂದುವಂಥದ್ದೇ ಆಗಿರಬೇಕು. ಪಿನ್ ಬಾಕ್ಸ್‌ನ ಬದಿಯಲ್ಲಿ ಮಾದರಿ ಸಂಖ್ಯೆಯ ಲೇಬಲ್ ಇರುತ್ತದೆ, ಆರ್ಡರ್ ಮಾಡುವ ಮುಂಚೆ ಫೋಟೋ ತೆಗೆದುಕೊಳ್ಳಿ. ಗೆಳೆಯರ ಟ್ರೇಲರ್ ಎಳೆಯಬೇಕೆಂದರೆ ಅದಕ್ಕೂ ಬೇರೆ ಪ್ಲೇಟ್ ಬೇಕು. ಕಳಚುವಾಗಲೂ ಟ್ರಕ್ ಆದಷ್ಟು ನೇರವಾಗಿ ನಿಂತಿರಬೇಕು, ಓರೆ ಇದ್ದಾಗ ಕಳಚಿದರೆ ತಲೆ ಹಿಂದೆಯೇ ಉಳಿದು ಮತ್ತೆ ಕೂಡಿಸುವುದು ತಲೆನೋವು. ಇದೆಲ್ಲ ಸಹಿಸಬಹುದು. ನಿಮಗೆ ಅಡ್ಡ ಬರುವುದು ತೂಕ: 330 ಉಳಿದಿರುವಾಗ 300 ಪೌಂಡಿನ ಹಿಚ್. ಅಮ್ಮ ಬಂದ ದಿನ ಮಿತಿ ದಾಟುತ್ತದೆ. ವರ್ಷವಿಡೀ ಟ್ರೇಲರಿನಲ್ಲೇ ಇದ್ದು ಎರಡು ದಿನಕ್ಕೊಮ್ಮೆ ಸೈಟ್ ಬದಲಿಸುವವರಿಗೆ, ಎಫ್-350ರಂಥ ಒಂದು ಟನ್ ಟ್ರಕ್ ಇರುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಮೂರನೆಯ ದಾರಿ ಹಿಚ್ ಬದಲು ಪಿನ್ ಬಾಕ್ಸನ್ನೇ ಬದಲಿಸುವುದು. ರೀಸ್ ಸೈಡ್‌ವೈಂಡರ್ ಎಂಬ ಪಿನ್ ಬಾಕ್ಸ್ ತಿರುಗುವ ಬಿಂದುವನ್ನು ಕಿಂಗ್‌ಪಿನ್‌ಗಿಂತ 22 ಇಂಚು ಹಿಂದಕ್ಕೆ ಒಯ್ಯುತ್ತದೆ. ಕಿಂಗ್‌ಪಿನ್ ಹಿಚ್‌ನಲ್ಲಿ ತಿರುಗದ ಹಾಗೆ ಒಂದು ಬೆಣೆ ಹಾಕುತ್ತಾರೆ, ಟ್ರೇಲರ್ ಹಿಂದಿನ ಬಿಂದುವಿನಲ್ಲಿ ತಿರುಗುತ್ತದೆ. ಕ್ಯಾಬಿನಿಂದ ದೂರ 64 ಇಂಚು ಸಿಕ್ಕ ಹಾಗಾಯಿತು, ನಿಮ್ಮ ಟ್ರೇಲರ್ ಹೇಗೆ ತಿರುಗಿದರೂ 49 ದಾಟುವುದಿಲ್ಲ. ಹಗುರವಾದ ಜಾರದ ಹಿಚ್ ಸಾಕು. ಆದರೆ ಬೆಣೆ ನಿಮ್ಮ ಹಿಚ್‌ನ ಮಾದರಿಗೆ ತಕ್ಕದ್ದೇ ಆಗಬೇಕು. ಬೆಣೆ ಸಡಿಲವಾದರೆ ಒಂದೇ ಟ್ರೇಲರ್ ಎರಡು ಕಡೆ ತಿರುಗತೊಡಗುತ್ತದೆ, ಹಿಂದಕ್ಕೆ ಹೋಗುವಾಗ ಹಿಡಿತಕ್ಕೆ ಸಿಗುವುದಿಲ್ಲ. ಪಿನ್ ಬಾಕ್ಸ್ ಬದಲಿಸುವ ಮುಂಚೆ ಟ್ರೇಲರಿನ ಚಾಸಿ ತಯಾರಕರಿಂದ ವಾರಂಟಿ ಉಳಿಯುತ್ತದೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ಬಾಯಿಮಾತು ಸಾಲದು.

ಆಂಡರ್ಸನ್ ಹಿಚ್‌ನ 40 ಪೌಂಡ್ ತೂಕ ನಿಮ್ಮ ಲೆಕ್ಕಕ್ಕೆ ಆಸೆ ಹುಟ್ಟಿಸುತ್ತದೆ. ಕಿಂಗ್‌ಪಿನ್‌ಗೆ ಒಂದು ಅಡಾಪ್ಟರ್ ಬಿಗಿದು ಚೆಂಡಿನ ಮೇಲೆ ಕೂರಿಸುವ ವ್ಯವಸ್ಥೆ ಅದು. ಚೆಂಡನ್ನು ಕೆಲವು ಇಂಚು ಹಿಂದಕ್ಕೆ ಕೂರಿಸಿಕೊಳ್ಳಬಹುದು, ಆದರೆ ಜಾರುವುದಿಲ್ಲ, 12 ಇಂಚು ಸಿಗುವುದಿಲ್ಲ. ಪಿನ್‌ಗೆ ಬಿಗಿದ ಸ್ಕ್ರೂಗಳನ್ನು ಪ್ರತಿ ಪ್ರವಾಸದ ಮುಂಚೆ ಬಿಗಿ ನೋಡಬೇಕು. ಬೆಡ್‌ನ ಚೆಂಡಿಗೆ ನೇರವಾಗಿ ಇಳಿಯುವ ಉದ್ದನೆಯ ಗೂಸ್‌ನೆಕ್ ಅಡಾಪ್ಟರ್ ಕೊಳವೆಗಳನ್ನಂತೂ ಹಾಕಬೇಡಿ. ಕಿಂಗ್‌ಪಿನ್‌ನಿಂದ ಕೆಳಕ್ಕೆ ಅಡಿಗಟ್ಟಲೆ ಉದ್ದದ ಸನ್ನೆಗೋಲು ಸಿಕ್ಕ ಹಾಗಾಗಿ, ಪ್ರತಿ ಬ್ರೇಕಿಗೂ ಪಿನ್ ಬಾಕ್ಸ್ ಕೂತಿರುವ ಚೌಕಟ್ಟಿನ ಬೆಸುಗೆಯನ್ನು ಅದು ಮೀಟುತ್ತದೆ. ಮುಂಗೋಡೆಯ ಮೂಲೆಯಲ್ಲಿ ಬಿರುಕು ಕಾಣುವ ಹೊತ್ತಿಗೆ ಒಳಗಿನ ಚೌಕಟ್ಟು ಬಾಗಿರುತ್ತದೆ.

ಹಾಗಾದರೆ ನಿಮಗೆ? ಪಕ್ ಗುಂಡಿಗಳಿಗೆ ನೇರವಾಗಿ ಕೂರುವ, 16,000 ಪೌಂಡ್ ದರ್ಜೆಯ, ಕೈಯಿಂದ ಜಾರಿಸುವ ಸ್ಲೈಡರ್, 12 ಇಂಚು ಜಾರುವಂಥದ್ದು, ಸಿಗುವುದರಲ್ಲಿ ಹಗುರವಾದದ್ದು. 11,500ರ ಟ್ರೇಲರ್‌ಗೆ 25,000 ದರ್ಜೆಯ ಹಿಚ್ ಹಾಕಿದರೆ ಸುರಕ್ಷತೆ ಹೆಚ್ಚುವುದಿಲ್ಲ, ತೂಕ ಹೆಚ್ಚುತ್ತದೆ. ಎಳೆಯುವ ದರ್ಜೆಯ ಪಕ್ಕದಲ್ಲೇ ಹೊರುವ ದರ್ಜೆ ಎಂದು ಬೇರೆ ಅಂಕಿ ಇರುತ್ತದೆ, ಸಾಮಾನ್ಯವಾಗಿ ಅದರ ಕಾಲು ಭಾಗ. 16,000ಕ್ಕೆ 4,000 ಇದ್ದರೆ ನಿಮ್ಮ 2,420ಕ್ಕೆ ಧಾರಾಳ. ತಲೆ ಹಿಂದೆ ಮುಂದೆ ಮಾತ್ರವಲ್ಲ, ಎಡ ಬಲಕ್ಕೂ ವಾಲುವಂಥದ್ದನ್ನೇ ಆರಿಸಿ, ಓರೆ ನೆಲದಲ್ಲಿ ಕೂಡಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ಸ್ಲೈಡರ್ 230 ಪೌಂಡ್ ಎಂದಿಟ್ಟುಕೊಂಡರೆ ನೀವು ನಾಲ್ವರೇ ಹೋಗುವಾಗ 100 ಉಳಿಯುತ್ತದೆ. ಅಮ್ಮ ಜೊತೆಗಿದ್ದಾಗ ಮಿತಿಗಿಂತ 50 ಪೌಂಡ್ ಹೆಚ್ಚಾಗುತ್ತದೆ. ಅದನ್ನು ಮುಂದಿನ ಸಾಮಾನು ಗೂಡಿನಿಂದ ತೆಗೆಯಬಹುದು. ಜನರೇಟರ್, ಸಲಕರಣೆ ಪೆಟ್ಟಿಗೆ, ಮರದ ಅಡ್ಡಗಟ್ಟೆಗಳನ್ನು ಟ್ರೇಲರಿನ ಹಿಂಭಾಗಕ್ಕೆ ಹಾಕಿ. ಎಲ್ಲವನ್ನೂ ತೀರ ಹಿಂದಕ್ಕೆ ತಳ್ಳಬೇಡಿ, ಪಿನ್ ಭಾರ ಒಟ್ಟು ತೂಕದ 18 ಶೇಕಡಕ್ಕಿಂತ ಕೆಳಗಿಳಿಯದಿರಲಿ. ಕುಡಿಯುವ ನೀರಿನ ತೊಟ್ಟಿ ಚಕ್ರಗಳಿಗಿಂತ ಮುಂದಿದ್ದರೆ ಖಾಲಿ ಮಾಡಿಕೊಂಡೇ ಹೊರಡಿ. ನೀರು ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತದೆ, 50 ಗ್ಯಾಲನ್ ಎಂದರೆ 400 ಪೌಂಡ್ ದಾಟಿತು. ತೊಟ್ಟಿ ಎಲ್ಲಿದೆ ಎಂದು ಡೀಲರನ್ನು ಕೇಳಿ, ಬಗ್ಗಿ ನೋಡಿಯೂ ಬಿಡಿ. ಕ್ಯಾಟ್ ಸ್ಕೇಲ್‌ನಲ್ಲಿ ಪಿನ್ ಭಾರ 2,500 ದಾಟಿದರೆ ಮಾತ್ರ ಈ ಟ್ರೇಲರ್ ನಿಮ್ಮ ಟ್ರಕ್ಕಿಗೆ ದೊಡ್ಡದು ಎಂದರ್ಥ. ಆಗ ಹಿಚ್ ಬದಲಿಸಿ ಪ್ರಯೋಜನವಿಲ್ಲ. ಸಾಧ್ಯವಾದರೆ ಕೊಳ್ಳುವ ಮುಂಚೆಯೇ ಅದೇ ಮಾದರಿ ಹೊಂದಿರುವ ಯಾರನ್ನಾದರೂ ಕೇಳಿ ಅವರ ತೂಕದ ಚೀಟಿ ನೋಡಿ.

ಎತ್ತರದ ವಿಷಯವನ್ನು ಡೀಲರ್‌ಗಳು ಹೆಚ್ಚಾಗಿ ಅವಸರದಲ್ಲಿ ಮುಗಿಸುತ್ತಾರೆ. ಬೆಡ್‌ನ ಅಂಚಿನ ಮೇಲ್ಭಾಗಕ್ಕೂ ಟ್ರೇಲರಿನ ಮೂತಿಯ ತಳಕ್ಕೂ ನಡುವೆ ಐದೂವರೆಯಿಂದ ಆರು ಇಂಚು ಅಂತರ ಬೇಕು. ಕಡಿಮೆ ಇದ್ದರೆ ಗುಂಡಿ ಬಿದ್ದ ರಸ್ತೆಯಲ್ಲಿ ಓರೆಯಾದಾಗ ಬೆಡ್‌ನ ಅಂಚು ಜಜ್ಜುತ್ತದೆ. ಆ ಅಂತರಕ್ಕಾಗಿ ಹಿಚ್ಚನ್ನು ಎತ್ತಿದರೆ ಟ್ರೇಲರ್ ಮೂತಿ ಮೇಲೆದ್ದು ಟ್ರೇಲರಿನ ಹಿಂದಿನ ಆಕ್ಸಲ್ ಮೇಲೆ ಹೆಚ್ಚು ಭಾರ ಬಿದ್ದು ಆ ಟೈರುಗಳು ಬಿಸಿಯಾಗುತ್ತವೆ. ಫೋರ್-ವೀಲ್ ಡ್ರೈವ್ ಟ್ರಕ್ಕುಗಳ ಬೆಡ್ ಎತ್ತರವಾಗಿರುವುದರಿಂದ ಈ ಜಗ್ಗಾಟ ಸಾಮಾನ್ಯ. ಟ್ರೇಲರನ್ನು ಸಮಮಟ್ಟದಲ್ಲಿ ನಿಲ್ಲಿಸಿ ಪಿನ್ ಪ್ಲೇಟಿನ ತಳದಿಂದ ನೆಲಕ್ಕೆ ಅಳೆಯಿರಿ. ಭಾರ ಬಿದ್ದಾಗ ಟ್ರಕ್ಕಿನ ಹಿಂಭಾಗ ಎರಡರಿಂದ ಮೂರು ಇಂಚು ತಗ್ಗುತ್ತದೆ ಎಂದು ಹಿಡಿದು ಹಿಚ್‌ನ ಎತ್ತರ ಗೊತ್ತುಮಾಡಿ. ಹಿಚ್‌ನ ತಲೆಗೆ ಎರಡು ಮೂರು ಎತ್ತರದ ತೂತುಗಳಿರುತ್ತವೆ, ಪಿನ್ ಬಾಕ್ಸ್‌ಗೂ ಇರುತ್ತವೆ. ಎರಡನ್ನೂ ಹೊಂದಿಸಿಯೂ ಆಗದಿದ್ದರೆ ಟ್ರೇಲರಿನ ಸಸ್ಪೆನ್ಷನ್ ಎತ್ತಿಸುವುದು ದಾರಿ.

ನಿಮಗೆ ಪಕ್ ಇರುವುದರಿಂದ ಕೊರೆಯುವ ಕೆಲಸವಿಲ್ಲ. ಪಕ್ ಇಲ್ಲದ ಟ್ರಕ್ ಇರುವ ಓದುಗರಿಗೆ ಒಂದು ಮಾತು: ಬೆಡ್‌ಗೆ ಹಳಿ ಹಾಕಿಸುವಾಗ ಕೆಳಗಿನ ಬ್ರೇಕ್ ಪೈಪು, ಇಂಧನ ಪೈಪು, ವೈರುಗಳನ್ನು ನೋಡಿಕೊಳ್ಳದೆ ಕೊರೆಯಬೇಡಿ. ಬೆಡ್‌ನಲ್ಲಿ ತೆಗೆದು ಹಾಕುವ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಹಳಿಯ ಅಡಿಯಲ್ಲಿ ಅದನ್ನು ಕತ್ತರಿಸಿ ತೆಗೆಯಲೇಬೇಕು. ಪ್ಲಾಸ್ಟಿಕ್ ಅಮುಕಿದಂತೆ ಬೋಲ್ಟ್ ಸಡಿಲವಾಗುತ್ತದೆ. ಸಿಂಪಡಿಸಿದ ಲೇಪ ಇದ್ದರೆ ತೊಂದರೆಯಿಲ್ಲ. ಯಾವುದೇ ಹಿಚ್ ಆಗಲಿ, ಮೊದಲ ನೂರು ಮೈಲಿ ಓಡಿಸಿದ ಮೇಲೆ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಂಕಿಗೆ ಮತ್ತೆ ಬಿಗಿ ನೋಡಿ. ಇನ್ನು ಐದೂವರೆ ಅಡಿ ಬೆಡ್‌ನ ಎಫ್-150ರಂಥ ಅರ್ಧ ಟನ್ ಟ್ರಕ್ ಇರುವವರು ಯಾವ ಸ್ಲೈಡರ್ ಎಂದು ಕೇಳುವ ಮುಂಚೆ ತಮ್ಮ ಪೇಲೋಡ್ (ಟ್ರಕ್ ಹೊರಬಲ್ಲ ತೂಕ) ನೋಡಿಕೊಳ್ಳಲಿ. ಬಹುತೇಕರಿಗೆ ಹಿಂದೆ ಕಟ್ಟುವ ಮಾಮೂಲಿ ಟ್ರಾವೆಲ್ ಟ್ರೇಲರೇ ಸರಿ.

ಕೂಡಿಸುವ ಕ್ರಮವನ್ನು ಮೊದಲ ದಿನವೇ ಅಭ್ಯಾಸ ಮಾಡಿಕೊಳ್ಳಿ. ಹಿಂದಕ್ಕೆ ಹೋಗುವ ಮುಂಚೆ ಸ್ಲೈಡರ್ ಮುಂದಿನ ಜಾಗದಲ್ಲಿ ಬೀಗ ಬಿದ್ದಿರಲಿ. ಟ್ರೇಲರಿನ ಪಿನ್ ಪ್ಲೇಟ್ ಹಿಚ್‌ನ ತಟ್ಟೆಗಿಂತ ಅರ್ಧ ಇಂಚಿನಷ್ಟು ಕೆಳಗಿರಬೇಕು. ಹಿಂದಕ್ಕೆ ಬಂದಾಗ ತಟ್ಟೆ ಅದನ್ನು ಎತ್ತಿಕೊಂಡು ಜಾರಿ ಒಳಗೆ ಸೇರಿಸುತ್ತದೆ. ಟ್ರೇಲರ್ ಹೆಚ್ಚು ಎತ್ತರದಲ್ಲಿದ್ದರೆ ಕಿಂಗ್‌ಪಿನ್‌ನ ಕೆಳಗಿನ ದಪ್ಪ ಅಂಚು ಪಿನ್ ಹಿಡಿಯುವ ಹಿಚ್‌ನ ದವಡೆಯ ಮೇಲೆ ಕೂರುತ್ತದೆ. ದವಡೆ ಮುಚ್ಚಿದ ಹಾಗೆ ಕಾಣುತ್ತದೆ, ಹಿಡಿಕೆಯೂ ಒಳಗೆ ಹೋಗಿರುತ್ತದೆ, ಆದರೆ ಹಿಡಿದದ್ದು ಏನೂ ಇಲ್ಲ. ಮೊದಲ ಹಂಪ್‌ನಲ್ಲಿ ಇಲ್ಲವೇ ಮೊದಲ ಬ್ರೇಕಿನಲ್ಲಿ ಟ್ರೇಲರ್ ಬೆಡ್‌ನ ಅಂಚುಗಳ ಮೇಲೆ ಬಿದ್ದು ಎರಡನ್ನೂ ಚಪ್ಪಟೆ ಮಾಡುತ್ತದೆ. ಇದನ್ನು ತಪ್ಪಿಸಲು ಟಾರ್ಚ್ ಹಿಡಿದು ಬದಿಯಿಂದ ಬಗ್ಗಿ ನೋಡಿ. ಪಿನ್ ಪ್ಲೇಟಿಗೂ ಹಿಚ್‌ನ ತಟ್ಟೆಗೂ ನಡುವೆ ಬೆಳಕು ಹಾಯಬಾರದು. ಹಿಂದಿನಿಂದ ನೋಡಿದರೆ ದವಡೆ ಪಿನ್‌ನ ಕುತ್ತಿಗೆಯನ್ನು ಸುತ್ತಿರಬೇಕು. ತಟ್ಟೆಯ ನಡುವೆ ಹಾಕುವ ಪ್ಲಾಸ್ಟಿಕ್ ಬಿಲ್ಲೆ ಬಳಸುತ್ತಿದ್ದರೆ ಅದರ ದಪ್ಪ ನಿಮ್ಮ ಹಿಚ್‌ಗೆ ಒಪ್ಪುವುದೇ ಎಂದು ಕೈಪಿಡಿ ನೋಡಿ. ದಪ್ಪ ಬಿಲ್ಲೆ ಪಿನ್ನನ್ನು ಮೇಲೆತ್ತಿ ಇದೇ ತೊಂದರೆ ತರುತ್ತದೆ.

ಆಮೇಲೆ ಬೀಗದ ಕ್ಲಿಪ್ ಹಾಕಿ, ವೈರು ಜೋಡಿಸಿ, ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಬೀಳಿಸುವ ಬ್ರೇಕ್‌ಅವೇ ತಂತಿಯನ್ನು ಟ್ರಕ್ಕಿಗೇ ಸಿಕ್ಕಿಸಿ. ಹಿಚ್‌ಗೆ ಸಿಕ್ಕಿಸಿದರೆ ಹಿಚ್ ಕಿತ್ತುಬಂದಾಗ ತಂತಿಯೂ ಜೊತೆಗೇ ಹೋಗಿ ಬ್ರೇಕ್ ಬೀಳುವುದಿಲ್ಲ. ಚಕ್ರದ ಅಡ್ಡಗಟ್ಟೆ ತೆಗೆಯುವ ಮುಂಚೆ, ಟ್ರೇಲರಿನ ಕಾಲುಗಳು ಇನ್ನೂ ನೆಲಕ್ಕೆ ತಾಗಿರುವಾಗಲೇ, ಟ್ರೇಲರ್ ಬ್ರೇಕನ್ನು ಕೈಯಿಂದ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ದವಡೆ ಸರಿಯಾಗಿ ಹಿಡಿದಿದ್ದರೆ ಟ್ರಕ್ ಅಲ್ಲಾಡುವುದಿಲ್ಲ. ಹಿಡಿದಿಲ್ಲದಿದ್ದರೆ ಟ್ರೇಲರ್ ಕಾಲುಗಳ ಮೇಲೆ ನಿಲ್ಲುತ್ತದೆ, ಬೀಳುವುದಿಲ್ಲ. ಕಾಲುಗಳನ್ನು ಎತ್ತುವುದು ಈ ಪರೀಕ್ಷೆ ಮುಗಿದ ಮೇಲೆ.

ಹೊಸ ಹಿಚ್ ಬಂದ ಮೇಲೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ, ತಲೆ ಮುಂದಿರುವಾಗ ಟ್ರೇಲರನ್ನು ನಿಧಾನವಾಗಿ ಮಡಚುತ್ತಾ ಹೋಗಿ. ಹೊರಗೆ ನಿಂತ ಒಬ್ಬರು ಕ್ಯಾಬಿಗೂ ಟ್ರೇಲರಿನ ಬದಿಗೋಡೆಗೂ ನಾಲ್ಕು ಇಂಚು ಉಳಿದ ಕೂಡಲೇ ನಿಲ್ಲಿಸಲಿ. ಆಗ ಚಾಲಕನ ಬದಿಯ ಕನ್ನಡಿಯಲ್ಲಿ ಟ್ರೇಲರಿನ ಯಾವ ಕಿಟಕಿ, ಯಾವ ದೀಪ ಅಂಚಿಗೆ ಬಂದಿದೆ ನೋಡಿ, ಕನ್ನಡಿಯ ಮೇಲೆ ಅಲ್ಲೊಂದು ಚಿಕ್ಕ ಬಣ್ಣದ ಟೇಪು ಅಂಟಿಸಿ. ಇನ್ನೊಂದು ಬದಿಗೂ ಹಾಗೇ ಮಾಡಿ. ಟೇಪಿನ ಗೆರೆಗೆ ಬಂದರೆ ನಿಲ್ಲಿಸಿ ಇಳಿಯಬೇಕು, ಸ್ಲೈಡರ್ ಹಿಂದಕ್ಕೆ ಸರಿದಿದೆಯೇ ನೋಡಬೇಕು.